ಬೀರು ಅಲುಗಾಡುತ್ತಿದ್ದರೆ ಕಾರ್ಡ್‌ಬೋರ್ಡ್ ತುರುಕಬೇಡಿ

ಹಾಸನದಲ್ಲಿ ಮಗಳ ಮನೆಗೆ ಹೋದಾಗ ನಡೆದದ್ದು. ಅಡುಗೆಮನೆಯಲ್ಲಿ ಆಳೆತ್ತರದ ಹೊಸ ಬೀರು. ಕೆಳಗೆ ಮೂರು ಡ್ರಾಯರ್, ಮೇಲೆ ಬಾಗಿಲು. ಐದು ವರ್ಷದ ಮೊಮ್ಮಗ ಕೋಡುಬಳೆ ಡಬ್ಬಕ್ಕಾಗಿ ಡ್ರಾಯರ್‌ಗಳನ್ನು ಮೆಟ್ಟಿಲ ಹಾಗೆ ಎಳೆದುಕೊಂಡು ಹತ್ತಿದ್ದಾನೆ. ಒಳಗೆ ಭರಣಿಗಳು ಒಂದಕ್ಕೊಂದು ತಾಗಿ ಟಣ್ ಅಂದವು. ತಿರುಗಿ ನೋಡಿದರೆ ಬೀರು ಮುಂದಕ್ಕೆ ಬಾಗುತ್ತಿದೆ! ಭುಜ ಕೊಟ್ಟು ತಡೆದೆ. ಎರಡು ದಿನ ಕೈ ಎತ್ತಲು ಆಗಲಿಲ್ಲ.

ಗಟ್ಟಿ ಬೀರು ಬೀಳಲ್ಲ ಅಂತ ಅಂದುಕೊಂಡಿರುತ್ತೇವೆ. ಗಟ್ಟಿತನಕ್ಕೂ ಬೀಳುವುದಕ್ಕೂ ಸಂಬಂಧ ಇಲ್ಲ. ಡ್ರಾಯರ್ ಎಳೆದಷ್ಟೂ ಭಾರ ಮುಂದಕ್ಕೆ ಬರುತ್ತದೆ. ಅದರ ಮೇಲೆ ಮಗು ನಿಂತರೆ ಕೇಳಬೇಕಾ? ಅವತ್ತೇ ಅಕ್ಕಿ, ಬೇಳೆ, ಉಪ್ಪಿನಕಾಯಿ ಭರಣಿ, ಕುಕ್ಕರ್ ಎಲ್ಲ ಕೆಳಗಿನ ಖಾನೆಗೆ ಇಳಿಸಿದೆ. ಮೇಲೆ ಹಪ್ಪಳದ ಡಬ್ಬ, ಖಾಲಿ ಡಬ್ಬಗಳು ಸಾಕು. ಕೋಡುಬಳೆಯೂ ಕೆಳಗೇ ಬಂತು. ಬೇಗ ಖಾಲಿಯಾಗುತ್ತೆ, ಆಗಲಿ ಬಿಡಿ.

ಆಮೇಲೆ ನೆಲ ನೋಡಿ. ಎಷ್ಟೋ ಅಡುಗೆಮನೆಯಲ್ಲಿ ನೀರು ಹರಿಯಲಿ ಅಂತ ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ಮೇಸ್ತ್ರಿಯ ರಸಮಟ್ಟ ಸಿಕ್ಕರೆ ಸರಿ, ಇಲ್ಲದಿದ್ದರೆ ಒಂದು ಗೋಲಿ ಬಿಡಿ, ಗೊತ್ತಾಗುತ್ತದೆ. ಮುಂದಿನ ಕಾಲು ತಗ್ಗಿದ್ದರೆ ಅದರ ಕೆಳಗೆ ಗಟ್ಟಿ ರಬ್ಬರ್ ತುಂಡು ಇಡಿ. ಕಾರ್ಡ್‌ಬೋರ್ಡ್ ಮಡಚಿ ಇಟ್ಟರೆ ನೆಲ ಒರೆಸಿದ ನೀರಿಗೇ ಮೆತ್ತಗಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಗೋಡೆಗೆ ಕಟ್ಟಲೇಬೇಕು. ಎರಡು ಎಲ್ ಕ್ಲ್ಯಾಂಪ್ (ಎಲ್ ಆಕಾರಕ್ಕೆ ಬಾಗಿಸಿದ ಲೋಹದ ಪಟ್ಟಿ), ಬೀರುವಿನ ಮೇಲ್ತುದಿಯ ಹತ್ತಿರ, ಎಡಕ್ಕೊಂದು ಬಲಕ್ಕೊಂದು. ಸ್ಕ್ರೂ ಹಿಂದಿನ ತೆಳು ಹಲಗೆಗೆ ಬೇಡ, ಅದು ಹರಿದುಕೊಂಡು ಬರುತ್ತದೆ. ಪಕ್ಕದ ದಪ್ಪ ಹಲಗೆಗೆ ಹಾಕಿಸಿ. ಗೋಡೆಯಲ್ಲಿ ತೂತು ಹೊಡೆದು ಪ್ಲಾಸ್ಟಿಕ್ ಪ್ಲಗ್ ಕೂರಿಸಿಯೇ ಸ್ಕ್ರೂ ತಿರುಗಿಸಬೇಕು. ಸ್ವಿಚ್‌ಬೋರ್ಡ್‌ನ ಅಥವಾ ನಲ್ಲಿಯ ನೇರಕ್ಕೆ ಮಾತ್ರ ಡ್ರಿಲ್ ಇಡಬೇಡಿ, ಒಳಗೆ ವೈರೋ ಪೈಪೋ ಇರುತ್ತದೆ. ಗೋಡೆಯ ಬುಡಕ್ಕೆ ಅಂಟಿಸಿದ ಸ್ಕರ್ಟಿಂಗ್ ಟೈಲ್ಸ್ ಅಡ್ಡ ಬಂದು ಬೀರುವಿನ ಬೆನ್ನು ಗೋಡೆಗೆ ತಾಗದಿದ್ದರೆ, ಮೇಲಿನ ಸಂದಿಗೆ ಅದೇ ದಪ್ಪದ ಮರದ ತುಂಡು ಕೊಟ್ಟು ಬಿಗಿಯಬೇಕು.

ಇದೆಲ್ಲ ಮಗಳ ಮನೆಯ ಸಿಮೆಂಟ್ ಗೋಡೆಗೆ ಆಯಿತು. ಮೂಡಿಗೆರೆ ಕಡೆಯ ನಮ್ಮ ಹಳೆ ಮನೆಯದು ಮಣ್ಣಿನ ಗೋಡೆ. ಅಲ್ಲಿಯೂ ಹೀಗೇ ಮಾಡಿ ಅಂದಿದ್ದಕ್ಕೆ ಆಚಾರಿ ನಕ್ಕುಬಿಟ್ಟರು. "ಅಮ್ಮಾ, ಇದಕ್ಕೆ ಸ್ಕ್ರೂ ಹಾಕೋದೂ ಒಂದೇ, ಅವಲಕ್ಕಿಗೆ ಮೊಳೆ ಹೊಡೆಯೋದೂ ಒಂದೇ." ನಿಜ, ಎಳೆದರೆ ಮಣ್ಣು ಉದುರಿ ಪ್ಲಗ್ ಕೈಗೇ ಬರುತ್ತದೆ. ಅವರು ಎರಡು ಮರದ ಕಂಬಗಳ ನಡುವೆ ಗಟ್ಟಿ ಮರದ ರೀಪರ್ ಪಟ್ಟಿ ಅಡ್ಡ ಹೊಡೆದು, ಬೀರನ್ನು ಅದಕ್ಕೆ ಬಿಗಿದರು. ಕಂಬ ಇಲ್ಲದ ಕಡೆ ಎತ್ತರದ ಬೀರು ಇಡುವ ಆಸೆಯನ್ನೇ ಬಿಡಿ. ಸೊಂಟದ ಎತ್ತರದ ಅಗಲದ ಪೆಟ್ಟಿಗೆ ಸಾಕು, ಬೆನ್ನಿಗೂ ಒಳ್ಳೆಯದು.

ಮಳೆಗಾಲ ಮುಗಿದ ಮೇಲೆ ಒಂದು ಸಲ ಬಗ್ಗಿ ಕಾಲುಗಳನ್ನು ನೋಡಿ. ನಮ್ಮ ಕಡೆಯ ಥಂಡಿಗೆ ಪುಡಿ ಒತ್ತಿ ಮಾಡಿದ ಹಲಗೆ ಬುಡದಲ್ಲಿ ಉಬ್ಬುತ್ತದೆ, ಕಬ್ಬಿಣದ ಸ್ಟ್ಯಾಂಡಿನ ಕಾಲು ತುಕ್ಕು ಹಿಡಿಯುತ್ತದೆ. ಉಗುರಿನಿಂದ ಒತ್ತಿದಾಗ ಹಲಗೆ ತಗ್ಗಿದರೆ ಸಾಮಾನು ಇಳಿಸಿ, ಆಚಾರಿಗೆ ಫೋನ್ ಮಾಡಿ.