ಮಹಾಬಳೇಶ್ವರದ ಎತ್ತರದಲ್ಲಿ ಸೂಪರ್‌ಚಾರ್ಜರ್ ಜಿಪ್ಸಿಯ ಅಶ್ವಶಕ್ತಿ ಅಳೆದ ಬಗೆ

ಮುಂಬಯಿ ಸೆರಗಿನ ತಳೋಜಾ, ಪುಣೆಯ ಭೋಸರಿ ಮತ್ತು ಮಹಾಬಳೇಶ್ವರ, ಈ ಮೂರು ಎತ್ತರಗಳಲ್ಲಿ ಒಂದೇ ಗಾಡಿಯನ್ನು ಒಂದೇ ಡೈನೊಗೆ, ಅಂದರೆ ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರಕ್ಕೆ, ಕಟ್ಟಿ ಅಳೆದಾಗ, ಊರೂರಿನ ಗಾಳಿಯ ಒತ್ತಡ, ತಾಪದ ವ್ಯತ್ಯಾಸಕ್ಕೆ ತಿದ್ದುಪಡಿ ಹಾಕಿದ ಅಂಕಿಗಳು ಹೆಚ್ಚುಕಡಿಮೆ ಒಂದೂವರೆ ಅಶ್ವಶಕ್ತಿಯ ಅಂತರದೊಳಗೆ ಬಂದು ನಿಂತವು. ಹೀಗೆ ಆಗುವುದು ಸಾಧ್ಯವೇ ಇಲ್ಲ ಎಂದವರು ನಮ್ಮ ಬಳಗದಲ್ಲಿಯೇ ಇದ್ದರು. ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಸೂಪರ್‌ಚಾರ್ಜರ್ ಇದ್ದ ಮೇಲೆ ಎತ್ತರದ ಚಿಂತೆಯೇ ಇಲ್ಲ, ತಿದ್ದುಪಡಿ ಹಾಕುವುದೇ ಮೋಸ ಎಂದು ಕೆಲವರು ವಾದಿಸಿದರೆ, ಈ ತಿದ್ದುಪಡಿಗೆ ಬಳಸುವ ಎಸ್‌ಎಇ ಜೆ 1349 ಎಂಬ ಮಾನದಂಡದ ಸೂತ್ರವು 900 ಮಿಲಿಬಾರ್‌ಗಿಂತ ಕೆಳಗಿನ ಒತ್ತಡಕ್ಕಾಗಿ ಬರೆದದ್ದಲ್ಲವಾದ್ದರಿಂದ ಘಟ್ಟದ ಮೇಲಿನ ಅಂಕಿಗೆ ಕಾಸಿನ ಬೆಲೆಯಿಲ್ಲ ಎಂದು ಉಳಿದವರು ಹೇಳುತ್ತಿದ್ದರು. ಇಬ್ಬರಿಗೂ ಬಾಯಿಮಾತಿನಲ್ಲಿ ಉತ್ತರ ಕೊಟ್ಟು ಪ್ರಯೋಜನವಿರಲಿಲ್ಲ.

ಗಾಡಿ ಮಾರುತಿ ಜಿಪ್ಸಿ, 1298 ಸಿಸಿಯ 16 ವಾಲ್ವ್ ಎಂಜಿನ್, ಕಂಪನಿಯ ಲೆಕ್ಕದಲ್ಲಿ 80 ಅಶ್ವಶಕ್ತಿ. ಅದಕ್ಕೆ ಐಸಿನ್ ಎಎಂಆರ್ 500 ಬ್ಲೋಯರ್ (ಇದೇ ಸೂಪರ್‌ಚಾರ್ಜರ್), ಮುಂದೆ ಅದು ಹಿಂಡಿದ ಗಾಳಿಯನ್ನು ತಣಿಸುವ ಚಿಕ್ಕದೊಂದು ಇಂಟರ್‌ಕೂಲರ್, ಎಂಜಿನ್ ನಿಯಂತ್ರಿಸಲು ಬೇರೆ ಕಂಪ್ಯೂಟರ್, ಅಂದರೆ ಇಸಿಯು. ಹೆಚ್ಚಾದ ಗಾಳಿಯನ್ನು ಹಿಂದಕ್ಕೆ ಬಿಡುವ ಬೈಪಾಸ್ ವಾಲ್ವ್ ಪೂರ್ತಿ ಥ್ರಾಟಲ್‌ನಲ್ಲಿ ಮುಚ್ಚಿಯೇ ಇರುತ್ತದೆ. ಈ ಕೊನೆಯ ಮಾತು ಮುಖ್ಯ, ಏಕೆಂದರೆ ಬೂಸ್ಟನ್ನು, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿಗೆ ತುರುಕುವ ಒತ್ತಡವನ್ನು, ಇಸಿಯು ತಾನಾಗಿ ಹಿಡಿದಿಡುವ ಗಾಡಿಗೆ ಇಲ್ಲಿ ಬರೆಯುತ್ತಿರುವುದು ಯಾವುದೂ ಅನ್ವಯಿಸುವುದಿಲ್ಲ. ಸ್ಪರ್ಧೆಗೆ ಮಾತ್ರ ಬಳಸುವ ಗಾಡಿಯಾದ್ದರಿಂದ ಹೋದಲ್ಲೆಲ್ಲ ಟ್ರೇಲರ್ ಮೇಲೆಯೇ ಹೋಗಬೇಕಾಯಿತು, ಖರ್ಚು ಅಲ್ಲಿಂದಲೇ ಶುರುವಾಯಿತು.

ಮಹಾಬಳೇಶ್ವರದಲ್ಲಿ ಡೈನೊ ಎಲ್ಲಿಂದ ತರುವುದು ಎಂಬುದು ಮೊದಲ ಪ್ರಶ್ನೆ. ರೋಲರ್ ಡೈನೊವನ್ನು ಹೊತ್ತೊಯ್ಯುವ ಮಾತೇ ಇಲ್ಲ. ಆದ್ದರಿಂದ ಚಕ್ರ ಬಿಚ್ಚಿ ನೇರವಾಗಿ ಹಬ್‌ಗೆ ಬೋಲ್ಟ್ ಮಾಡುವ, ಹೈಡ್ರಾಲಿಕ್ ಪಂಪಿನ ಡೈನೊವನ್ನು ದಿನದ ಬಾಡಿಗೆಗೆ ತೆಗೆದುಕೊಂಡೆ. ದಿನಕ್ಕೆ 30 ಸಾವಿರದ ಆಸುಪಾಸು. ಜಿಪ್ಸಿಯ ಐದು ಬೋಲ್ಟಿನ 139.7 ಮಿಲಿಮೀಟರ್ ಪಿಸಿಡಿಗೆ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) ಅಡಾಪ್ಟರ್ ಸಿಗಲಿಲ್ಲ, ಭೋಸರಿ ಎಂಐಡಿಸಿಯಲ್ಲಿ ಲೇಥ್ ಇಟ್ಟುಕೊಂಡಿರುವ ವಿಜಯಪುರದ ಅಣ್ಣನೊಬ್ಬರು ಎರಡನ್ನು ಕಡೆದು ಕೊಟ್ಟರು. ಮೊದಲ ಜೋಡಿ ಕೂದಲೆಳೆಯಷ್ಟು ಓಲಾಡುತ್ತಿತ್ತು, 4000 ಆರ್‌ಪಿಎಂ ದಾಟಿದೊಡನೆ ಗ್ರಾಫ್ ಗರಗಸದಂತಾಗುತ್ತಿತ್ತು. ಎರಡನೆಯ ಜೋಡಿ ಸರಿಹೋಯಿತು. ಸಾತಾರಾ ರಸ್ತೆ ಹಿಡಿದು ಸುರೂರ, ವಾಯಿ, ಪಸರಣಿ ಘಾಟಿನ ಮೂಲಕ ಟ್ರೇಲರ್ ಹತ್ತಿಸಲು ಹೋಗಿ ಬರುವ ಬಾಡಿಗೆ 15 ಸಾವಿರ, ಜನರೇಟರ್ ಮತ್ತು ಡೀಸೆಲ್‌ಗೆ ಸುಮಾರು 8 ಸಾವಿರ. ಸ್ಟ್ರಾಬೆರಿ ಬೆಳೆಯುವವರೊಬ್ಬರ ಪ್ಯಾಕಿಂಗ್ ಶೆಡ್ ಸಿಕ್ಕಿತು. ಹಬ್ ಡೈನೊ ಎಣ್ಣೆಯನ್ನು ತಣ್ಣಗಿಡಲು ನೀರು ಬೇಕೇ ಬೇಕು, ಅವರ ತೋಟದ ತೊಟ್ಟಿಯ ನೀರೇ ಆ ಕೆಲಸ ಮಾಡಿತು. ಎಲ್ಲ ಸೇರಿ ಈ ಅಳತೆಗೆ ಎರಡೂವರೆ ಲಕ್ಷಕ್ಕೆ ಕಡಿಮೆಯಿಲ್ಲದೆ ಖರ್ಚಾಗಿದೆ.

ಗಾಳಿಯ ಒತ್ತಡವನ್ನು ಎಲ್ಲಿಂದ ತೆಗೆದುಕೊಳ್ಳುತ್ತೇವೆ ಎಂಬಲ್ಲಿಯೇ ಹೆಚ್ಚಿನ ಡೈನೊ ಹಾಳೆಗಳು ಕೆಡುತ್ತವೆ. ಫೋನಿನ ಹವಾಮಾನ ಆ್ಯಪ್ ತೋರಿಸುವುದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ. ಮಹಾಬಳೇಶ್ವರದಲ್ಲಿ ನಿಂತು ನೋಡಿದರೂ ಅದು 1014 ಎನ್ನುತ್ತದೆ, ಆದರೆ ಸುಮಾರು 1350 ಮೀಟರ್ ಎತ್ತರದ ಆ ಊರಿನಲ್ಲಿ ಎಂಜಿನ್ ಉಸಿರಾಡುವುದು 866ರ ಹತ್ತಿರದ ಗಾಳಿಯನ್ನು. ಪುಣೆಯ ವರ್ಕ್‌ಶಾಪೊಂದು ನನಗೆ ಕೊಟ್ಟ ಹಳೆಯ ಹಾಳೆಯಲ್ಲಿ ಇದೇ ಆಗಿತ್ತು. ಆ್ಯಪ್‌ನ ಅಂಕಿ ತುಂಬಿದ್ದರಿಂದ ತಿದ್ದುಪಡಿ ಗುಣಾಂಕ 1.01 ಬಂದಿತ್ತು, ಬ್ಲೋಯರ್ ಸತ್ತಿದೆ ಎಂದು ತೀರ್ಪು ಕೊಟ್ಟು ಹೊಸದಕ್ಕೆ ಲೆಕ್ಕ ಬರೆದಿದ್ದರು. ಇದಕ್ಕೆ ವಿರುದ್ಧವಾದ ಚಾಳಿಯೂ ಉಂಟು: ತಾಪಮಾನದ ಪ್ರೋಬನ್ನು ರೇಡಿಯೇಟರ್ ಬಳಿ ಇಟ್ಟು 30 ಡಿಗ್ರಿಯ ಗಾಳಿಯನ್ನು 45 ಎಂದು ತೋರಿಸಿದರೆ ಪುಕ್ಕಟೆಯಾಗಿ ಶೇಕಡಾ 3ರಷ್ಟು ಅಶ್ವಶಕ್ತಿ ಏರುತ್ತದೆ. ನಾನು ಬಳಸಿದ್ದು ನಿಜವಾದ ಸ್ಥಳೀಯ ಒತ್ತಡ ಕೊಡುವ ಬ್ಯಾರೋಮೀಟರ್. ತಾಪ ಮತ್ತು ತೇವದ ಪ್ರೋಬ್ ಏರ್ ಫಿಲ್ಟರ್ ಬಾಯಿಯಿಂದ ಒಂದು ಗೇಣು ದೂರದಲ್ಲಿ, ನೆರಳಿನಲ್ಲಿ. ತೇವಾಂಶದ ಒತ್ತಡವನ್ನು ಕಳೆದು ಒಣಗಾಳಿಯ ಲೆಕ್ಕ ಹಿಡಿಯಬೇಕು, ತಳೋಜಾದಲ್ಲಿ ಆ ಒಂದರಿಂದಲೇ 25 ಮಿಲಿಬಾರ್ ಹೋಗುತ್ತದೆ.

ಅಂಕಿಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಅರ್ಧ ಒಂದು ಅತ್ತಿತ್ತ ಇರಬಹುದು. ತಳೋಜಾದಲ್ಲಿ 1012 ಮಿಲಿಬಾರ್, ಬೂಸ್ಟ್ ಗೇಜ್ 0.45 ಬಾರ್, ಹಬ್‌ನಲ್ಲಿ ತಿದ್ದದ ಅಂಕಿ 97. ಭೋಸರಿಯಲ್ಲಿ 951, ಗೇಜ್ 0.42, ಅಂಕಿ 91. ಮಹಾಬಳೇಶ್ವರದಲ್ಲಿ 866, ಗೇಜ್ 0.38, ಅಂಕಿ 82. ಗೇಜ್ ಅಷ್ಟೇನೂ ಇಳಿದಿಲ್ಲವೆಂದು ಕಾಣುವುದರಿಂದಲೇ ಸೂಪರ್‌ಚಾರ್ಜರ್‌ಗೆ ಎತ್ತರ ತಟ್ಟುವುದಿಲ್ಲ ಎಂಬ ನಂಬಿಕೆ ಬೆಳೆದಿದೆ. ಗೇಜಿನ ಅಂಕಿಗೆ ಸ್ಥಳೀಯ ಒತ್ತಡವನ್ನು ಕೂಡಿಸಿ, ಬಂದ ಮೊತ್ತವನ್ನು ಅದೇ ಸ್ಥಳೀಯ ಒತ್ತಡದಿಂದ ಭಾಗಿಸಿ ನೋಡಿದರೆ ಮೂರೂ ಕಡೆ 1.44ರ ಸುತ್ತಲೇ ಬರುತ್ತದೆ. ಪುಲ್ಲಿ (ಬೆಲ್ಟ್ ಹಾಯುವ ಗಾಲಿ) ಬದಲಾಗದ ಬ್ಲೋಯರ್ ಪ್ರತಿ ಸುತ್ತಿಗೂ ಅಷ್ಟೇ ಗಾತ್ರದ ಗಾಳಿಯನ್ನು ನೂಕುತ್ತದೆ, ಗಾಳಿ ತೆಳುವಾದರೆ ಒಳಗೆ ಹೋಗುವ ತೂಕವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಬ್ಲೋಯರ್ ತಿರುಗಿಸಲು ತಗಲುವ ಶಕ್ತಿಯೂ ಜೊತೆಗೇ ಇಳಿಯುತ್ತದೆ. ಹಾಗಾಗಿ ಎತ್ತರದ ಮಟ್ಟಿಗೆ ಈ ಎಂಜಿನ್ ಸಾದಾ ಎಂಜಿನ್‌ನಂತೆಯೇ ನಡೆದುಕೊಳ್ಳುತ್ತದೆ. ಎಸ್‌ಎಇ ಗುಣಾಂಕಗಳು ಕ್ರಮವಾಗಿ 1.01, 1.07, 1.18 ಬಂದವು. ಗುಣಿಸಿದಾಗ 98, ಭೋಸರಿಯಲ್ಲಿ 97ಕ್ಕಿಂತ ತುಸು ಹೆಚ್ಚು, ಮಹಾಬಳೇಶ್ವರದಲ್ಲಿ 97ಕ್ಕೆ ತುಸು ಕಡಿಮೆ. ಸೂತ್ರದ ಗಡಿಯನ್ನು ಮೀರಿದ ಎತ್ತರದಲ್ಲಿಯೂ ಇಷ್ಟು ಹತ್ತಿರ ಬಂದದ್ದಕ್ಕೆ ನನಗೆ ಹೆಮ್ಮೆಯಿದೆ, ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ.

ಇದು ಸುಲಭವಾಗಿ ಬಂದದ್ದಲ್ಲ. ಆರಂಭದಲ್ಲಿ ಘಟ್ಟದ ಮೇಲಿನ ತಿದ್ದದ ಅಂಕಿ 73ರಿಂದ 79ರವರೆಗೆ ಕುಣಿಯುತ್ತಿತ್ತು. ಅಳೆದೂ ಸುರಿದೂ ನೋಡಿದಾಗ ಕಾರಣಗಳು ಒಂದೊಂದಾಗಿ ಬಿಚ್ಚಿಕೊಂಡವು. ಬೆಳಗಿನ ಚಳಿಗೆ ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಗಟ್ಟಿಯಾಗಿ ಮೂರು ಅಶ್ವಶಕ್ತಿ ನುಂಗುತ್ತಿತ್ತು, ಇಪ್ಪತ್ತು ನಿಮಿಷ ಹಗುರ ಲೋಡಿನಲ್ಲಿ ಓಡಿಸಿ ಕೈಯಿಟ್ಟರೆ ಸುಡುವಷ್ಟಾದ ಮೇಲೆಯೇ ಪುಲ್, ಅಂದರೆ ಪೂರ್ತಿ ಥ್ರಾಟಲ್‌ನ ಅಳತೆಯ ಓಟ, ಶುರುಮಾಡಬೇಕು. ಇಸಿಯುವಿನ ಇಂಧನದ ನಕ್ಷೆ ಘಟ್ಟದ ಮೇಲೆ ರಿಚ್ ಆಗುತ್ತಿತ್ತು, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗುತ್ತಿತ್ತು. ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಹೇಳುವ ಲ್ಯಾಂಬ್ಡಾ ಅಂಕಿ ಮೂರೂ ಊರುಗಳಲ್ಲಿ ಒಂದೇ ಇರುವಂತೆ ಕೂರಿಸದೆ ಹೋಲಿಸಿದರೆ ನಾವು ಅಳೆಯುವುದು ಎತ್ತರವನ್ನಲ್ಲ, ಟ್ಯೂನಿಂಗನ್ನು. ನನ್ನ ಲ್ಯಾಂಬ್ಡಾ ಮತ್ತು ಇಗ್ನಿಷನ್ ಅಂಕಿಗಳನ್ನು ಇಲ್ಲಿ ಕೊಡುತ್ತಿಲ್ಲ, ಅವು ನನ್ನ ಅನ್ನದ ದಾರಿ. ಲ್ಯಾಂಬ್ಡಾ ಓದುವ ವೈಡ್‌ಬ್ಯಾಂಡ್ ಸೆನ್ಸರ್ ಒಂದು ತಣ್ಣನೆಯ ಸೈಲೆನ್ಸರಿನಲ್ಲಿ ಕೂತ ನೀರಿಗೆ ಸಿಕ್ಕಿ ಒಡೆಯಿತು, ಒಂಬತ್ತು ಸಾವಿರ ಹೋಯಿತು. ಬ್ಲೋಯರ್ ತಿರುಗಿಸುವ ಬೆಲ್ಟ್ 5000 ಆರ್‌ಪಿಎಂ ಮೇಲೆ ಜಾರುತ್ತಿದ್ದದ್ದು ಗೇಜಿನಲ್ಲಿ ಕಾಣಲಿಲ್ಲ, ಎಂಜಿನ್‌ಗೆ ಗಾಳಿ ಹಂಚುವ ಕೊಳವೆಯಾದ ಮ್ಯಾನಿಫೋಲ್ಡಿನ ಪೂರ್ಣ ಒತ್ತಡದ ಲಾಗ್ ತೆಗೆದಾಗ ಕೊನೆಯಲ್ಲಿ ಗೆರೆ ಬಾಗಿದ್ದು ಕಂಡಿತು. ಬೆಲ್ಟನ್ನು ಒತ್ತಿಹಿಡಿಯುವ ಐಡ್ಲರ್ ಗಾಲಿಯನ್ನು ಬೇರೆ ಜಾಗಕ್ಕೆ ಸರಿಸಿದ ಮೇಲೆ ಜಾರುವುದು ನಿಂತಿತು. ಆ ಜಾಗ ಯಾವುದೆಂದು ನನ್ನ ಗಾಡಿ ನೋಡಲು ಬಂದವರಿಗೆ ತೋರಿಸುತ್ತೇನೆ.

ಹೆಚ್ಚು ಕಾಡಿದ್ದು ಇಂಟರ್‌ಕೂಲರ್. ತೆಳುಗಾಳಿಯಲ್ಲಿ ಅದೇ ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ದಾಟಿಸುವ ಗಾಳಿಯ ತೂಕ ಕಡಿಮೆ. ಹೊರಗೆ 22 ಡಿಗ್ರಿಯ ಹಿತವಾದ ಚಳಿಯಿದ್ದರೂ ಮೂರನೆಯ ಪುಲ್‌ನ ಹೊತ್ತಿಗೆ ಎಂಜಿನ್ ಒಳಗೆ ಹೋಗುವ ಗಾಳಿ 70 ಡಿಗ್ರಿ ದಾಟುತ್ತಿತ್ತು, ನಾಲ್ಕೈದು ಅಶ್ವಶಕ್ತಿ ಕರಗಿಹೋಗುತ್ತಿತ್ತು. ಎರಡನೆಯ ದೊಡ್ಡ ಫ್ಯಾನ್ ತರಿಸಿದೆ, ಪ್ರತಿ ಪುಲ್ ಕೂಡ ಈ ಒಳಗಾಳಿ 40ಕ್ಕೆ ಇಳಿದ ಮೇಲೆಯೇ ಶುರುವಾಗಬೇಕೆಂದು ಕಟ್ಟುನಿಟ್ಟು ಮಾಡಿದೆ. ಪೆಟ್ರೋಲನ್ನೂ ಒಂದೇ ಪಂಪಿನಿಂದ ತುಂಬಿಸಿ, ಡಬ್ಬಗಳಲ್ಲಿ ಮೂರೂ ಕಡೆಗೆ ಒಯ್ದೆ.

ಡೈನೊ ಕೈಯಲ್ಲಿದ್ದಾಗಲೇ ಭೋಸರಿ ಮತ್ತು ಮಹಾಬಳೇಶ್ವರದಲ್ಲಿ ಗೆಳೆಯರ ಪೋಲೊ ಜಿಟಿ ಟಿಎಸ್‌ಐ ಕೂಡ ಕಟ್ಟಿ ನೋಡಿದೆವು. ಅದು ಬೆಲ್ಟಿನ ಬದಲು ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುವ ಟರ್ಬೊ, ಇಸಿಯು ಬೂಸ್ಟನ್ನು ಹಿಡಿದಿಡುತ್ತದೆ. ಭೋಸರಿಯಲ್ಲಿ ತಿದ್ದದೆ 90, ಮಹಾಬಳೇಶ್ವರದಲ್ಲಿ 88. ಅದಕ್ಕೂ 1.18 ಗುಣಿಸಿದರೆ ಹಬ್‌ನಲ್ಲೇ 104 ಬರುತ್ತದೆ, ಕಂಪನಿಯೇ ಎಂಜಿನ್‌ಗೆ ಹೇಳುತ್ತಿದ್ದದ್ದು 105. ಗೇರ್‌ಬಾಕ್ಸ್ ಏನನ್ನೂ ತಿನ್ನುವುದಿಲ್ಲವೆಂದು ನಂಬುವವರು ಮಾತ್ರ ಈ ಅಂಕಿಯನ್ನು ಒಪ್ಪಬಹುದು. ತಿದ್ದುಪಡಿ ಬೇಡವೆನ್ನುವವರ ಮಾತು ಇಂಥ ಟರ್ಬೊಗೆ ಸರಿ, ನನ್ನ ಬ್ಲೋಯರ್‌ಗೆ ಅಲ್ಲ.

ಕೊನೆಗೆ ಚಿಕ್ಕ ಪುಲ್ಲಿ ಹಾಕಿ, ಮಹಾಬಳೇಶ್ವರದಲ್ಲಿಯೇ ಭೋಸರಿಯ ಮ್ಯಾನಿಫೋಲ್ಡ್ ಒತ್ತಡವನ್ನು ತರಿಸಿದೆ. ಗೇಜ್ 0.50 ತೋರಿಸಿತು, ಒಟ್ಟು 1.37 ಬಾರ್, ಭೋಸರಿಯಲ್ಲಿದ್ದಷ್ಟೇ. ಆದರೂ 91 ಬರಲಿಲ್ಲ, 87ಕ್ಕೆ ನಿಂತಿತು. ಬ್ಲೋಯರ್ ವೇಗವಾಗಿ ತಿರುಗಿ ಹೆಚ್ಚು ಹಿಂಡಿದ್ದರಿಂದ ಗಾಳಿ ಹತ್ತು ಹದಿನೈದು ಡಿಗ್ರಿ ಹೆಚ್ಚು ಕಾದಿತ್ತು, ಕ್ರ್ಯಾಂಕಿನಿಂದ ಕಿತ್ತುಕೊಂಡ ಶಕ್ತಿಯೂ ಹೆಚ್ಚಾಗಿತ್ತು. ಆ ಪುಲ್ಲಿಯೊಂದಿಗೆ ತಳೋಜಾಕ್ಕೆ ಇಳಿದರೆ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ಬರುವುದು ಖಚಿತವಾದ್ದರಿಂದ ಅಲ್ಲಿಯೇ ಬಿಚ್ಚಿ ಹಳೆಯದನ್ನು ಹಾಕಿಸಿದೆ. ಮುಂದಿನ ಚಳಿಗಾಲಕ್ಕೆ ನೀರಿನಿಂದ ತಣಿಸುವ ಇಂಟರ್‌ಕೂಲರ್ ಕೂರಿಸಿ, ಇದೇ ಚಿಕ್ಕ ಪುಲ್ಲಿಯನ್ನು ಮತ್ತೆ ಘಟ್ಟ ಹತ್ತಿಸುವವನಿದ್ದೇನೆ.