ಬೆಂಗಳೂರಿನ ಟೆಕ್ ಮೀಟಪ್‌ಗಳು: ಗೇಟ್ ದಾಟುವುದರಿಂದ ಮೈಕ್ ಹಿಡಿಯುವವರೆಗೆ

ಬೆಂಗಳೂರಿನಲ್ಲಿ ಶನಿವಾರ ಬಂತೆಂದರೆ ಹತ್ತಾರು ಮೀಟಪ್, ಅಂದರೆ ಒಂದೇ ಆಸಕ್ತಿಯವರು ಸೇರಿ ಮಾತಾಡುವ ಸಭೆ. ಎಲ್ಲದಕ್ಕೂ ಹೆಸರು ಕೊಟ್ಟು, ಕೊನೆಗೆ ಒಂದಕ್ಕೆ ಹೋಗಿ, ಅಲ್ಲಿ ಗೋಡೆಗೆ ಒರಗಿ ಫೋನ್ ನೋಡುತ್ತಾ ನಿಂತು ವಾಪಸ್ ಬರುವವರು ಬಹಳ. ಇದಕ್ಕೆ ಮದ್ದು ಒಂದೇ: ಒಂದು ಗುಂಪನ್ನು ಆರಿಸಿಕೊಂಡು ಸತತ ಮೂರು ತಿಂಗಳು ಅದರ ಸಭೆಗೆ ಹೋಗಿ. ಮೊದಲ ಸಲ ಯಾರಿಗೂ ನಿಮ್ಮ ಪರಿಚಯ ಇರುವುದಿಲ್ಲ. ಎರಡನೇ ಸಲ ಯಾರೋ ಒಬ್ಬರು ‘ಹೋದ ತಿಂಗಳೂ ಬಂದಿದ್ರಿ ಅಲ್ವಾ?’ ಅನ್ನುತ್ತಾರೆ. ಮೂರನೇ ಸಲ ಕುರ್ಚಿ ಜೋಡಿಸೋಕೆ ಕರೆಯುತ್ತಾರೆ. ಗೆಳೆತನ ಶುರುವಾಗುವುದು ಆ ಕುರ್ಚಿಗಳ ನಡುವೆಯೇ.

ಗುಂಪು ಆರಿಸುವುದು

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಬ್ಯಾಂಗ್‌ಪೈಪರ್ಸ್ ಇದೆ. ದೇಶದ ಹಳೆಯ ಪೈಥಾನ್ ಬಳಗಗಳಲ್ಲಿ ಅದೂ ಒಂದು. ಪೈಥಾನ್ ಬಳಸುವವರ ಸಮ್ಮೇಳನ ಪೈಕಾನ್ ಇಂಡಿಯಾ ಮೊದಲ ಸಲ 2009ರಲ್ಲಿ ನಡೆದದ್ದೂ ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಯಾರು ಬೇಕಾದರೂ ನೋಡಿ ಬದಲಿಸಬಹುದಾದ ಮುಕ್ತ ತಂತ್ರಾಂಶದಲ್ಲಿ ಆಸಕ್ತಿ ಇದ್ದರೆ ಫಾಸ್ ಯುನೈಟೆಡ್‌ನ ಬೆಂಗಳೂರು ಮೀಟಪ್‌ಗೆ ಹೋಗಿ, ವಿದ್ಯಾರ್ಥಿಗಳಿಗಂತೂ ಮೊದಲು ಹೇಳುವ ಹೆಸರು ಇದೇ. ಡೇಟಾ, ಸರ್ವರ್‌ಗಳ ಕೆಲಸದವರು 2010ರಿಂದ ಇಂಥ ಸಭೆ, ಸಮ್ಮೇಳನ ನಡೆಸುತ್ತಿರುವ ಹ್ಯಾಸ್‌ಗೀಕ್ ನೋಡಿ. ಅಲ್ಲಿ ಭಾಷಣದ ಪ್ರಸ್ತಾವಗಳೂ ಅವುಗಳ ಮೇಲಿನ ಚರ್ಚೆಯೂ ಎಲ್ಲರಿಗೂ ಕಾಣುವಂತೆ ಇರುತ್ತವೆ, ಹಾಗಾಗಿ ಏನು ಕೇಳಲು ಹೋಗುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರುತ್ತದೆ. ಕಂಪನಿ ಕಟ್ಟುವ ಯೋಚನೆ ಇದ್ದವರಿಗೆ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ಹೊಸ ಕಂಪನಿಗಳಿಗೆ ನೆರವಾಗುವ ಎನ್‌ಎಸ್‌ಆರ್‌ಸಿಇಎಲ್ ಕೇಂದ್ರ. ಜೀವವಿಜ್ಞಾನದವರಿಗೆ ಬಳ್ಳಾರಿ ರಸ್ತೆಯಲ್ಲಿ ಅಂಥದ್ದೇ ಕೇಂದ್ರ ಸಿ-ಕ್ಯಾಂಪ್. ಇದ್ಯಾವುದೂ ಇನ್ನೂ ತೀರ್ಮಾನವಾಗಿಲ್ಲ ಎನ್ನುವವರು ವರ್ಷಕ್ಕೊಮ್ಮೆ ಭಾರತೀಯ ವಿಜ್ಞಾನ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ಓಪನ್ ಡೇಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಒಂದೊಂದು ಲ್ಯಾಬ್ ಮುಂದೆಯೂ ಉದ್ದದ ಸಾಲು.

ಹೆಸರು ಕೊಡುವ ಮೊದಲು ಮೂರು ವಿಷಯ ನೋಡಿ. ಯಾರು ಯಾವ ಹೊತ್ತಿಗೆ ಮಾತಾಡುತ್ತಾರೆ ಎಂಬ ಪಟ್ಟಿ ಇದೆಯೇ? ನಡೆಸುವವರ ಹೆಸರು ಇದೆಯೇ? ಹಿಂದಿನ ಸಭೆಗಳ ವಿಡಿಯೊ ಅಥವಾ ಸ್ಲೈಡ್ ಸಿಗುತ್ತವೆಯೇ? ಮೂರೂ ಇಲ್ಲದೆ ಬರೀ ‘ನೆಟ್‌ವರ್ಕಿಂಗ್ ಈವ್ನಿಂಗ್’ ಎಂದಿದ್ದರೆ ಬಿಟ್ಟುಬಿಡಿ. ಅಂಥ ಕಡೆ ಬರುವವರಲ್ಲಿ ಅರ್ಧದಷ್ಟು ಜನ ಏನನ್ನೋ ಮಾರಲು ಬಂದಿರುತ್ತಾರೆ. ಹೂಡಿಕೆದಾರರ ಮುಂದೆ ಐದು ನಿಮಿಷ ನಿಲ್ಲಿಸುತ್ತೇವೆ, ಅದಕ್ಕೆ ಇಷ್ಟು ಸಾವಿರ ಕೊಡಿ ಎನ್ನುವವರಿಂದ ದೂರ ಇರಿ. ಒಳ್ಳೆಯ ಹೂಡಿಕೆದಾರರು ನಿಮ್ಮ ಮಾತು ಕೇಳಲು ನಿಮ್ಮಿಂದಲೇ ದುಡ್ಡು ತೆಗೆದುಕೊಳ್ಳುವುದಿಲ್ಲ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದರೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ, ಅದಕ್ಕೆ ಕಂಪನಿಯ ಪಾಲು ಬರೆದುಕೊಡಬೇಕಿಲ್ಲ. ಹೊಸಬರು ಮೊದಲು ಅದರ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಕಣ್ಣಿಟ್ಟಿರಲಿ.

ಗೇಟಿನಲ್ಲಿ

ಹೆಚ್ಚಿನ ಮೀಟಪ್‌ಗಳು ಯಾವುದೋ ಕಂಪನಿಯ ಕಚೇರಿಯಲ್ಲಿ, ಟೆಕ್ ಪಾರ್ಕಿನೊಳಗೆ ನಡೆಯುತ್ತವೆ. ಅರ್ಜಿ ಹಾಕಿದ ಮಾತ್ರಕ್ಕೆ ಸೀಟು ಸಿಕ್ಕಿತು ಎಂದಲ್ಲ. ‘ಅಪ್ರೂವ್ಡ್’ ಅಥವಾ ‘ಕನ್ಫರ್ಮ್ಡ್’ ಎಂದು ಬರಬೇಕು. ಸೆಕ್ಯುರಿಟಿಯವರ ಕೈಯಲ್ಲಿರುವುದು ಹಿಂದಿನ ದಿನ ಕಳಿಸಿದ ಪಟ್ಟಿ. ಅದರಲ್ಲಿ ಹೆಸರಿಲ್ಲದಿದ್ದರೆ ಎಷ್ಟು ಕೇಳಿಕೊಂಡರೂ ಒಳಗೆ ಬಿಡುವುದು ಕಷ್ಟ. ಗುರುತಿನ ಚೀಟಿಯಲ್ಲಿ ಇರುವ ಹೆಸರನ್ನೇ ಫಾರಂನಲ್ಲೂ ಬರೆಯಿರಿ. ಇನಿಷಿಯಲ್ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದೆ ಗೇಟಿನಲ್ಲಿ ಹತ್ತು ನಿಮಿಷ ಕಳೆಯುವುದು ನಮ್ಮ ಕಡೆಯವರಿಗೆ ಮಾಮೂಲಿ. ಲ್ಯಾಪ್‌ಟಾಪ್ ಇದ್ದರೆ ಸೀರಿಯಲ್ ನಂಬರ್ ಬರೆಸಬೇಕು. ಅದು ಅಡಿಭಾಗದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಮನೆಯಲ್ಲೇ ಫೋಟೊ ತೆಗೆದಿಟ್ಟುಕೊಳ್ಳಿ. ಅವರು ಕೊಟ್ಟ ಚೀಟಿ ಹೊರಗೆ ಬರುವಾಗ ಬೇಕು, ಬಿಸಾಡಬೇಡಿ. ಇಷ್ಟಕ್ಕೆಲ್ಲ 20 ನಿಮಿಷ ಇಟ್ಟುಕೊಳ್ಳಿ.

ಹೊರಗಿನವರ ಗಾಡಿಗೆ ಒಳಗೆ ಜಾಗ ಸಿಗದಿರುವುದೇ ಹೆಚ್ಚು, ಹಾಗಾಗಿ ಮೆಟ್ರೊ ಹಿಡಿಯಿರಿ. ವೈಟ್‌ಫೀಲ್ಡ್, ಇಂದಿರಾನಗರಕ್ಕೆ ನೇರಳೆ ಮಾರ್ಗ. ಎಚ್‌ಎಸ್‌ಆರ್ ಲೇಔಟ್‌ಗೆ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಸಿಲ್ಕ್ ಬೋರ್ಡ್‌ವರೆಗೆ ಹೋಗಿ ಅಲ್ಲಿಂದ ಆಟೊ. ವಾರದ ದಿನ ಸಂಜೆ ಆರೂವರೆಯ ಸಭೆಗಳನ್ನು ನಿಮ್ಮ ಏರಿಯಾದಲ್ಲೇ ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ಬರಲಾಗದಿದ್ದರೆ ಹಿಂದಿನ ದಿನವೇ ಸೀಟು ರದ್ದು ಮಾಡಿ. ಟಿಕೆಟ್ ಇಲ್ಲದ ಸಭೆ ಎಂದು ಜನ ಹೇಳದೆ ಕೇಳದೆ ತಪ್ಪಿಸಿಕೊಳ್ಳುತ್ತಾರೆ. ಅತ್ತ ತಂದ ತಿಂಡಿ ಹಾಳು, ಇತ್ತ ಕಾಯುತ್ತಿದ್ದವರಿಗೆ ಜಾಗವಿಲ್ಲ. ನಡೆಸುವವರಿಗೆ ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

ಒಳಗೆ

ಎರಡನೇ ಸಾಲಿನ ಅಂಚಿನ ಕುರ್ಚಿ ಹಿಡಿಯಿರಿ. ಪಕ್ಕದಲ್ಲಿ ಕೂತವರೇ ನಿಮ್ಮ ಮೊದಲ ಪರಿಚಯ. ನಿಮ್ಮ ಬಗ್ಗೆ ಹೇಳಲು 20 ಸೆಕೆಂಡ್ ಸಾಕು, ಆದರೆ ಅದನ್ನು ಮೊದಲೇ ಸಿದ್ಧಮಾಡಿಕೊಂಡಿರಿ. ‘ಐಒಟಿ ಕ್ಷೇತ್ರದಲ್ಲಿ ಕೆಲಸ ಮಾಡ್ತೀನಿ’ ಅಂದರೆ ಕೇಳಿದವರು ‘ಹೌದಾ’ ಎಂದು ಸುಮ್ಮನಾಗುತ್ತಾರೆ. ‘ನಾನು ತೀರ್ಥಹಳ್ಳಿ ಕಡೆಯವಳು. ಅಡಿಕೆ ಒಣಗಿಸೋ ಮನೆಗೆ ತೇವಾಂಶ ಅಳೆಯೋ ಸೆನ್ಸರ್ ಹಾಕಿದೀನಿ, ಹೊಗೆ ಕೂತು ರೀಡಿಂಗ್ ತಪ್ಪು ಬರ್ತಿದೆ’ ಅನ್ನಿ. ಯಾರಾದರೂ ‘ಸೆನ್ಸರ್ ಮೇಲೆ ಫಿಲ್ಟರ್ ಇದೆಯಾ?’ ಎಂದು ಕೇಳಿಯೇ ಕೇಳುತ್ತಾರೆ. ಊರು, ಕೆಲಸ, ಸಿಕ್ಕಿಕೊಂಡ ತೊಡಕು, ಈ ಮೂರು ಇರಲಿ. ಮಾತು ಬೆಳೆಯುವುದು ತೊಡಕಿನಿಂದಲೇ.

ಇಂಗ್ಲಿಷ್ ಭಯ ಕರ್ನಾಟಕದ ಹುಡುಗ ಹುಡುಗಿಯರನ್ನು ಹಿಂದಿನ ಸಾಲಿಗೆ ತಳ್ಳಿಬಿಡುತ್ತದೆ. ಭಾಷಣ ಇಂಗ್ಲಿಷಿನಲ್ಲೇ ಇರಬಹುದು, ಟೀ ಹೊತ್ತಿನಲ್ಲಿ ಹಾಗಿಲ್ಲ. ‘ನೀವು ಕನ್ನಡ ಮಾತಾಡ್ತೀರಾ?’ ಎಂದು ಕೇಳಿ ನೋಡಿ, ಆ ಗುಂಪಿನಲ್ಲೇ ಯಾರೋ ಒಬ್ಬರ ಮುಖ ಅರಳುತ್ತದೆ. ಸಭೆಯಲ್ಲಿ ಪ್ರಶ್ನೆ ಕೇಳುವುದಾದರೆ ಮೊದಲೇ ಒಂದು ಸಾಲಿನಲ್ಲಿ ಬರೆದುಕೊಂಡು ಓದಿಬಿಡಿ. ಓದಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮೈಕ್ ಹಿಡಿದು ಎರಡು ನಿಮಿಷ ಸ್ವಂತ ಕಥೆ ಹೇಳಿದರೆ ಮಾತ್ರ ಎಲ್ಲರೂ ಗಡಿಯಾರ ನೋಡುತ್ತಾರೆ.

ಭಾಷಣ ಮುಗಿದ ಕೂಡಲೇ ಎದ್ದು ಹೋಗಬೇಡಿ. ಆಮೇಲಿನ ಅರ್ಧ ಗಂಟೆಯೇ ಮುಖ್ಯ. ವೃತ್ತವಾಗಿ ನಿಂತವರ ನಡುವೆ ಸಂದಿ ಬಿಟ್ಟಿದ್ದರೆ ಹೋಗಿ ಸೇರಿಕೊಳ್ಳಿ, ಇಬ್ಬರೇ ಮುಖಕ್ಕೆ ಮುಖ ಕೊಟ್ಟು ನಿಂತಿದ್ದರೆ ಬಿಟ್ಟುಬಿಡಿ. ಇಬ್ಬರ ಪರಿಚಯವಾದರೂ ಆ ದಿನಕ್ಕೆ ಸಾಕು. ಮಾರನೆಯ ದಿನದೊಳಗೆ ಅವರಿಗೊಂದು ಸಂದೇಶ ಕಳಿಸಿ: ‘ನಿನ್ನೆ ಟೀ ಹತ್ತಿರ ಅಡಿಕೆ ಸೆನ್ಸರ್ ಬಗ್ಗೆ ಮಾತಾಡಿದ್ವಿ. ನೀವು ಹೇಳಿದ ಫಿಲ್ಟರ್ ಹೆಸರು ಮತ್ತೊಮ್ಮೆ ತಿಳಿಸ್ತೀರಾ?’ ವಾರ ಬಿಟ್ಟು ‘ಹಾಯ್’ ಎಂದು ಕಳಿಸಿದರೆ ಅವರಿಗೆ ನಿಮ್ಮ ನೆನಪೂ ಇರುವುದಿಲ್ಲ.

ಐದು ನಿಮಿಷದ ಮಾತು

ನಾಲ್ಕನೇ ತಿಂಗಳಿಗೆ ಲೈಟ್ನಿಂಗ್ ಟಾಕ್‌ಗೆ, ಅಂದರೆ ಐದು ನಿಮಿಷದ ಚುಟುಕು ಮಾತಿಗೆ, ಹೆಸರು ಕೊಡಿ. ಐದು ಸ್ಲೈಡ್ ಸಾಕು: ತೊಡಕು ಏನು, ಮೊದಲು ಏನು ಮಾಡಿ ಕೆಟ್ಟಿತು, ಈಗ ಏನು ಮಾಡಿದ್ದೇವೆ, ಅದು ಕೆಲಸ ಮಾಡುವ ದೃಶ್ಯ, ಯಾವ ಸಹಾಯ ಬೇಕು. ಅಕ್ಷರ 30 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ. ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಕಿಟಕಿ, ಕಪ್ಪು ಹಿನ್ನೆಲೆಯದಾದರೆ ಹಳೆಯ ಪ್ರೊಜೆಕ್ಟರಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಬಿಳಿಗೆ ಬದಲಿಸಿ. ಡೆಮೊ ಹೆಚ್ಚಾಗಿ ಕೈಕೊಡುವುದು ಎರಡು ಕಾರಣಕ್ಕೆ: ಆ ಕಚೇರಿಯ ವೈ-ಫೈ ಹೊರಗಿನವರನ್ನು ಅರ್ಧದಲ್ಲೇ ತಡೆಯುತ್ತದೆ, ಇಲ್ಲವೇ ನಿಮ್ಮ ಲ್ಯಾಪ್‌ಟಾಪಿಗೆ ಅಲ್ಲಿನ ಕೇಬಲ್ ಸೇರುವುದಿಲ್ಲ. ಮೊದಲನೆಯದಕ್ಕೆ ಒಂದು ನಿಮಿಷದ ವಿಡಿಯೊ ತೆಗೆದಿಟ್ಟುಕೊಳ್ಳಿ, ಎರಡನೆಯದಕ್ಕೆ ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಬ್ಯಾಗಿನಲ್ಲಿರಲಿ. ಗಡಿಯಾರ ಇಟ್ಟುಕೊಂಡು ಮನೆಯಲ್ಲಿ ಮೂರು ಸಲ ಜೋರಾಗಿ ಹೇಳಿ ನೋಡಿ.

ದೊಡ್ಡ ಜಾತ್ರೆ

ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ನಡೆಸುವ ತಂತ್ರಜ್ಞಾನ ಸಮಾವೇಶ ಬೆಂಗಳೂರು ಟೆಕ್ ಸಮ್ಮಿಟ್ ಬೇರೆಯೇ ಲೆಕ್ಕ. ವರ್ಷಗಟ್ಟಲೆ ಅರಮನೆ ಮೈದಾನದ ಕಡೆ ನಡೆಯುತ್ತಿದ್ದುದು 2025ರಲ್ಲಿ ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಗೆ ಹೋಯಿತು. ಹಸಿರು ಮಾರ್ಗದ ಕೊನೆಯ ನಿಲ್ದಾಣ ಮಾದಾವರದಲ್ಲಿ ಇಳಿದರೆ ಪಕ್ಕದಲ್ಲೇ. ಮೊದಲ ದಿನ ಉದ್ಘಾಟನೆ, ಗಣ್ಯರು, ತಪಾಸಣೆ. ಕೊನೆಯ ದಿನ ಮಧ್ಯಾಹ್ನದ ಮೇಲೆ ಮಳಿಗೆ ಬಿಚ್ಚಿ ಹೊರಡುವ ಗಡಿಬಿಡಿ. ನಡುವಿನ ದಿನವೇ ಒಳ್ಳೆಯದು. ಸ್ಟಾರ್ಟಪ್ ಮಳಿಗೆಗಳಲ್ಲಿ ಆರನ್ನು ಮೊದಲೇ ಗುರುತು ಹಾಕಿಕೊಂಡು ಹೋಗಿ, ಆ ಆರನ್ನೇ ನಿಧಾನವಾಗಿ ನೋಡಿ. ಚೀಲ ತುಂಬ ಕರಪತ್ರ ಹೊತ್ತು ತಂದರೆ ಒಂದನ್ನೂ ಓದುವುದಿಲ್ಲ.

ಬೆಂಗಳೂರಿನ ಹೊರಗೆ

ಹುಬ್ಬಳ್ಳಿಯಲ್ಲಿ ಹೊಸ ಕಂಪನಿಗಳಿಗೆ ನೆರವಾಗುವ ದೇಶಪಾಂಡೆ ಸ್ಟಾರ್ಟಪ್ಸ್ ಇದೆ, ಮೈಸೂರು, ಮಂಗಳೂರಿನಲ್ಲೂ ಬಳಗಗಳಿವೆ. ನಿಮ್ಮ ಊರಿನಲ್ಲಿ ಏನೂ ಇಲ್ಲವೆಂದರೆ ನೀವೇ ಶುರುಮಾಡಿ: ಹದಿನೈದು ಇಪ್ಪತ್ತು ಜನ, ಇಪ್ಪತ್ತು ನಿಮಿಷದ ಎರಡು ಮಾತು, ಒಂದು ಸುತ್ತು ಟೀ. ಇಪ್ಪತ್ತು ಕುರ್ಚಿಗೆ ಮೂವತ್ತೈದು ಹೆಸರು ಬರೆದುಕೊಳ್ಳಿ, ಕೊನೆಗೆ ಬರುವವರು ಆ ಕುರ್ಚಿಗಳಿಗೆ ಸಾಕಾಗುವಷ್ಟೇ ಜನ. ಪ್ರತಿ ತಿಂಗಳೂ ಒಂದೇ ವಾರ, ಒಂದೇ ಹೊತ್ತು ಇಡಿ. ದಿನ ಬದಲಾಯಿಸುತ್ತಾ ಹೋದರೆ ಮೂರನೇ ತಿಂಗಳಿಗೆ ಗುಂಪು ಒಡೆಯುತ್ತದೆ. ಕಾಲೇಜಿನ ಹಾಲ್ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಆದರೆ ಭಾನುವಾರ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಶನಿವಾರವೇ ವಿಚಾರಿಸಿ, ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ.