ಇಮ್ಯಾಕ್ಸ್ ಕಾನ್ಫಿಗ್ ಒಳಗೇ ನನ್ನ ಫೀಡ್‌ಗಳು

ಇಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್‌ನಲ್ಲಿ ಫೀಡ್ (ಜಾಲತಾಣಗಳು ಕೊಡುವ ಹೊಸ ಬರಹಗಳ ಪಟ್ಟಿ) ಓದೋಕೆ ನಾನು ಬಳಸುವುದು ಎಲ್‌ಫೀಡ್. ಫೀಡ್ ಓದುವ ಸೇವೆಯಾಗಿದ್ದ ಗೂಗಲ್ ರೀಡರ್ ಮುಚ್ಚಿದ 2013ರಲ್ಲೇ ಕ್ರಿಸ್ಟೋಫರ್ ವೆಲ್ಲನ್ಸ್ ಇದನ್ನು ಬರೆದು ಹೊರಬಿಟ್ಟರು. ಇದರಲ್ಲಿ ಎಲ್ಲ ಫೀಡ್‌ಗಳನ್ನೂ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಒಂದು ಪಟ್ಟಿಗೆ ತುಂಬಬೇಕು: ವಿಳಾಸ, ಪಕ್ಕದಲ್ಲಿ ಟ್ಯಾಗ್, ಮತ್ತೆ ವಿಳಾಸ, ಮತ್ತೆ ಟ್ಯಾಗ್. ಕೆಲವೇ ಫೀಡ್ ಇದ್ದರೆ ಇಷ್ಟು ಸಾಕು. ಪಟ್ಟಿ ಬೆಳೆದ ಮೇಲೆ ಬರೀ ವಿಳಾಸಗಳ ಸಾಲು ಕಾಣುತ್ತದೆ, ಯಾವುದನ್ನು ಯಾಕೆ ಸೇರಿಸಿದ್ದು ಅಂತ ಅಲ್ಲಿ ಎಲ್ಲೂ ಇರುವುದಿಲ್ಲ.

ನನ್ನ ಕಾನ್ಫಿಗ್ (ಇಮ್ಯಾಕ್ಸ್ ಸೆಟ್ಟಿಂಗ್‌ಗಳು) ಪೂರ್ತಿ ಒಂದೇ ಆರ್ಗ್ ಫೈಲಿನಲ್ಲಿದೆ, ಅಂದರೆ ತಲೆಬರಹಗಳ ಕೆಳಗೆ ಟಿಪ್ಪಣಿ ಬರೆಯುವ ಇಮ್ಯಾಕ್ಸ್‌ನ ಮಾದರಿಯ ಫೈಲಿನಲ್ಲಿ. ವಿವರಣೆ ಕನ್ನಡದಲ್ಲಿ, ಅದರ ಕೆಳಗೆ ಕೋಡ್ ಬ್ಲಾಕ್. ಇಮ್ಯಾಕ್ಸ್ ಶುರುವಾಗುವಾಗ ಆರ್ಗ್ ಬೇಬೆಲ್ ಅನ್ನೋ ಭಾಗ ಕೋಡನ್ನಷ್ಟೇ ಹೆಕ್ಕಿಕೊಂಡು ಓಡಿಸುತ್ತದೆ. ಹೀಗಿರುವಾಗ ಫೀಡ್‌ಗೆ ಬೇರೆ ಫೈಲ್ ಯಾಕೆ? ಎಲ್‌ಫೀಡ್-ಆರ್ಗ್ ಅನ್ನೋ ಪ್ಯಾಕೇಜ್ ಹಾಕಿಕೊಂಡು, ಅದು ಓದಬೇಕಾದ ಫೈಲ್ ಇದೇ ಕಾನ್ಫಿಗ್ ಅಂತ ಹೇಳಿಬಿಟ್ಟೆ. ಫೈಲಿನೊಳಗೆ ಒಂದು ತಲೆಬರಹಕ್ಕೆ ಎಲ್‌ಫೀಡ್ ಟ್ಯಾಗ್ ಕೊಟ್ಟರೆ ಆಯಿತು, ಅದರ ಕೆಳಗಿರುವ ತಲೆಬರಹಗಳನ್ನು ಮಾತ್ರ ಫೀಡ್ ಅಂತ ನೋಡುತ್ತದೆ.

ಮೇಲಿನ ತಲೆಬರಹದ ಟ್ಯಾಗ್ ಕೆಳಗಿನದಕ್ಕೆಲ್ಲ ತಾನಾಗಿ ಇಳಿದು ಬರುತ್ತದೆ. 'ಕನ್ನಡ' ಅನ್ನೋ ತಲೆಬರಹದ ಕೊಂಬೆಯಲ್ಲಿ ಕನ್ನಡ ವಿಕಿಪೀಡಿಯದ ಇತ್ತೀಚಿನ ಬದಲಾವಣೆಗಳ ಆಟಮ್ ಮಾದರಿಯ ಫೀಡ್ ಇಟ್ಟಿದ್ದೇನೆ, 'ಭಾಷಾ ಸಂಶೋಧನೆ' ಕೊಂಬೆಯಲ್ಲಿ ಸಂಶೋಧನಾ ಪ್ರಬಂಧಗಳ ತಾಣ ಆರ್ಕೈವ್‌ನ (arXiv) ಫೀಡ್. ಒಂದನ್ನು ಇನ್ನೊಂದು ಕೊಂಬೆಗೆ ಎಳೆದು ಹಾಕಿದರೆ ಅದರ ಟ್ಯಾಗ್ ಕೂಡ ಬದಲಾಗುತ್ತದೆ. ಆದರೆ ಹೊಸ ಟ್ಯಾಗ್ ಅಂಟುವುದು ಮುಂದೆ ಬರುವ ಬರಹಗಳಿಗೆ ಮಾತ್ರ. ಹಳೆಯವಕ್ಕೂ ಬೇಕಿದ್ದರೆ ಆಟೋಟ್ಯಾಗ್ (ತಾನಾಗಿ ಅಂಟುವ ಟ್ಯಾಗ್) ಮತ್ತೆ ಹಚ್ಚುವ ಆಜ್ಞೆ ಎಲ್‌ಫೀಡ್‌ನಲ್ಲೇ ಇದೆ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ತಲೆಬರಹದ ಕೆಳಗೆ ಬರೆದ ಮಾತನ್ನು ಎಲ್‌ಫೀಡ್-ಆರ್ಗ್ ಮುಟ್ಟುವುದೇ ಇಲ್ಲ. ಅಲ್ಲಿ ಪ್ರತಿ ಫೀಡ್‌ಗೂ ಒಂದೆರಡು ಸಾಲು ಬರೆಯುತ್ತೇನೆ: ಇದನ್ನು ಯಾಕೆ ಓದಬೇಕು, ಯಾವ ಕೆಲಸಕ್ಕೆ ಬೇಕಾಗಿತ್ತು. ಆ ಕೆಲಸ ಮುಗಿದಿದ್ದರೆ ಫೀಡ್ ತೆಗೆಯೋಕೆ ಯೋಚನೆಯೇ ಬೇಡ. ಕಾರಣ ಬರೆಯೋಕೆ ಆಗದ ಫೀಡನ್ನು ನಾನು ಈಗ ಸೇರಿಸುವುದೇ ಇಲ್ಲ, ನಿಜಕ್ಕೂ ಓದುವ ಬರಹಗಳು ಮೇಲೆ ಬಂದಿರುವುದು ಇದರಿಂದಲೇ.

ಕನ್ನಡ ಶೀರ್ಷಿಕೆಗಳಿಗೆ ಇನ್ನೊಂದು ಉಪಯೋಗ ಸಿಕ್ಕಿತು. ಶೀರ್ಷಿಕೆಯಲ್ಲಿ ಇಂಥ ಪದ ಇದ್ದರೆ ಇಂಥ ಟ್ಯಾಗ್ ಹಚ್ಚು ಅಂತ ಒಂದು ತಲೆಬರಹದಲ್ಲೇ ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ) ನಿಯಮ ಬರೆಯಬಹುದು, ಅದು ಎಲ್ಲ ಫೀಡ್‌ಗೂ ಅನ್ವಯಿಸುತ್ತದೆ. 'ನೀರು' ಅಂತ ಕೊಟ್ಟರೆ 'ನೀರಿನ' ತಪ್ಪಿಹೋಗುತ್ತದೆ. 'ನೀರ' ಅಂತ ಕೊಡಿ, ನೀರು, ನೀರಿನ, ನೀರಾವರಿ ಎಲ್ಲವೂ ಸಿಗುತ್ತವೆ. ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ವ್ಯಂಜನದ ನಂತರ ಬೇರೆ ಅಕ್ಷರವಾಗಿ ಕೂರುತ್ತದಲ್ವಾ, ಅದಕ್ಕೇ ಇದು ಕೆಲಸ ಮಾಡುತ್ತದೆ. 'ಮಳೆ'ಗೆ ಈ ತೊಂದರೆಯೇ ಇಲ್ಲ, ಮಳೆಯಿಂದ, ಮಳೆಗಾಲ ಎಲ್ಲವೂ ಹಾಗೇ ಸಿಗುತ್ತವೆ.

ಹೊಸ ಫೀಡ್ ಸೇರಿಸಿದಾಗ ಇಮ್ಯಾಕ್ಸ್ ಮುಚ್ಚಿ ತೆರೆಯಬೇಕಿಲ್ಲ. ಫೈಲ್ ಉಳಿಸಿ ಎಲ್‌ಫೀಡ್ ಆಜ್ಞೆಯನ್ನು ಮತ್ತೆ ಓಡಿಸಿದರೆ ಪಟ್ಟಿಯನ್ನು ಹೊಸದಾಗಿ ಓದಿಕೊಳ್ಳುತ್ತದೆ, ಆಮೇಲೆ ದೊಡ್ಡ 'ಜಿ' ಒತ್ತಿದರೆ ಬರಹಗಳು ಬರುತ್ತವೆ. ಕಾನ್ಫಿಗ್ ಗಿಟ್ ಅನ್ನೋ ಆವೃತ್ತಿ ನಿರ್ವಹಣಾ ಸಾಧನದಲ್ಲಿರುವುದರಿಂದ ಪಟ್ಟಿ ನನ್ನ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ. ಯಾವುದನ್ನು ಓದಿದ್ದೇನೆ ಅನ್ನೋ ಲೆಕ್ಕ ಮಾತ್ರ ಎಲ್‌ಫೀಡ್‌ನ ಸ್ವಂತ ಡೇಟಾಬೇಸ್‌ನಲ್ಲಿರುತ್ತದೆ, ಅದನ್ನು ಗಿಟ್‌ಗೆ ಹಾಕಿಲ್ಲ. ಗೆಳೆಯರು ಯಾರಾದರೂ ಪಟ್ಟಿ ಕೇಳಿದರೆ ಎಲ್‌ಫೀಡ್-ಆರ್ಗ್‌ನಿಂದಲೇ ಒಪಿಎಂಎಲ್ (ಫೀಡ್ ಪಟ್ಟಿ ಹಂಚಿಕೊಳ್ಳುವ ಫೈಲ್ ಮಾದರಿ) ತೆಗೆದು ಕಳಿಸುತ್ತೇನೆ.